ಚಿಂಪಾಂಜಿ ಮಲದಿಂದ ಡಿಎನ್‌ಎ: ಮಾದರಿ ಸಂಗ್ರಹಿಸುವ ಬಗೆ

ಪಶ್ಚಿಮ ಉಗಾಂಡದ ಬುಡೊಂಗೊ, ಬುಗೋಮಾ ಕಾಡುಗಳ ನಡುವೆ ನದಿಯಂಚಿನ ಕಾಡಿನ ತುಣುಕುಗಳಿವೆ. ಅವುಗಳ ಮೂಲಕ ಚಿಂಪಾಂಜಿಗಳ ಓಡಾಟ ಉಳಿದಿದೆಯೇ ಎಂದು ತಿಳಿಯಲು ಪ್ರಾಣಿಯನ್ನು ಹಿಡಿಯಬೇಕಿಲ್ಲ, ಮಲ ಸಾಕು.

ಬೆಳಿಗ್ಗೆ ಚಿಂಪಾಂಜಿಗಳು ಎದ್ದು ಹೋದ ಮೇಲೆ ಗೂಡಿನ ಕೆಳಗೆ ಹುಡುಕಿ. ಕೈಗವಸು, ಮಾಸ್ಕ್ ಕಡ್ಡಾಯ. ನಮ್ಮ ನೆಗಡಿಯೇ ಅವುಗಳನ್ನು ಕೊಲ್ಲಬಲ್ಲದು. ಕರುಳಿನ ಜೀವಕೋಶಗಳು ಮಲದ ಹೊರಮೈಗೆ ಅಂಟಿರುತ್ತವೆ. ಆದ್ದರಿಂದ ಹೊರಪದರದಿಂದಲೇ ಸುಮಾರು 5 ಗ್ರಾಂ ತೆಗೆದು 30 ಮಿ.ಲೀ. ಶುದ್ಧ ಎಥನಾಲ್‌ಗೆ ಹಾಕಿ. 24ರಿಂದ 36 ಗಂಟೆ ಬಿಟ್ಟು, ದ್ರವ ಬಸಿದು, ಗಟ್ಟಿ ಭಾಗವನ್ನು ಸಿಲಿಕಾ ಜೆಲ್ ಹರಳಿರುವ ಟ್ಯೂಬಿಗೆ ಸೇರಿಸಿ. ಸೂಚಕ ಹರಳಿನ ಬಣ್ಣ ಬದಲಾದರೆ ತೇವ ತುಂಬಿದೆ ಎಂದರ್ಥ, ಹೊಸದು ಹಾಕಿ. ಎಥನಾಲ್ ತಗುಲಿದರೆ ಶಾಯಿ ಅಳಿಯುತ್ತದೆ. ದಿನಾಂಕ, ಜಿಪಿಎಸ್ ಬಿಂದುವನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.

ಪ್ರಯೋಗಾಲಯದಲ್ಲಿ ದೊಡ್ಡ ತೊಡಕೊಂದಿದೆ. ಡಿಎನ್‌ಎ ತೀರಾ ಕಡಿಮೆಯಿದ್ದರೆ ಎರಡು ಆಲೀಲ್‌ಗಳಲ್ಲಿ (ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ, ಒಂದೇ ಜಾಗದ ಡಿಎನ್‌ಎ ರೂಪಗಳಲ್ಲಿ) ಒಂದು ಕೈತಪ್ಪುತ್ತದೆ; ಆಗ ಎರಡೂ ಒಂದೇ ಬಗೆಯವು ಎನಿಸಿ, ಇಲ್ಲದ ಒಳಸಂತಾನವೃದ್ಧಿ (ಹತ್ತಿರದ ರಕ್ತಸಂಬಂಧಿಗಳ ಕೂಡುವಿಕೆ) ಇದ್ದಂತೆ ತೋರುತ್ತದೆ. ಒಂದೇ ಆಲೀಲ್ ಕಂಡ ಕಡೆಯೆಲ್ಲ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಅನ್ನು ಹಲವು ಬಾರಿ ಮಾಡಲೇಬೇಕು.

ಗಂಡುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ವಲಸೆ ಹೋಗುವವು ಹೆಚ್ಚಾಗಿ ಹರೆಯದ ಹೆಣ್ಣುಗಳು. ಹಾಗಾಗಿ ತಂದೆಯಿಂದ ಮಗನಿಗಷ್ಟೇ ಹೋಗುವ ವೈ ಕ್ರೋಮೋಸೋಮ್ ಒಂದನ್ನೇ ನೋಡಿ ಸಂಪರ್ಕ ಕಡಿದಿದೆ ಎಂದು ತೀರ್ಮಾನಿಸಬೇಡಿ. ತಂದೆ-ತಾಯಿ ಇಬ್ಬರಿಂದಲೂ ಬರುವ ಮೈಕ್ರೋಸ್ಯಾಟಲೈಟ್‌ಗಳನ್ನೂ (ಚಿಕ್ಕ ಸರಣಿ ಮತ್ತೆ ಮತ್ತೆ ಬರುವ ಡಿಎನ್‌ಎ ಭಾಗಗಳನ್ನೂ) ಹೋಲಿಸಿ.