ಇವಿ ಕಾರಿನ ಇನ್ಶೂರೆನ್ಸ್: 27 ಸಾವಿರದ್ದನ್ನು 17ಕ್ಕೆ ಇಳಿಸಿದ್ದು

"ಅಗ್ಗದ ಪಾಲಿಸಿ ತಗೊಂಡಿ, ಕ್ಲೇಮ್ ಟೈಮಿಗೆ ಗೊತ್ತಾಗ್ತದ ನೋಡು" ಅಂತ ಭಾವ ಹೋದ ಜೂನ್‌ನಲ್ಲಿ ನಕ್ಕಿದ್ದರು. ನವೆಂಬರ್‌ನಲ್ಲಿ ಕ್ಲೇಮ್ ಹಾಕಬೇಕಾಗಿ ಬಂತು, ಪಾಸೂ ಆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗಾಡಿ ಟಿಯಾಗೊ ಇವಿ, 24 ಕಿಲೋವ್ಯಾಟ್-ಅವರ್ ಬ್ಯಾಟರಿಯದ್ದು, 2023ರಲ್ಲಿ ತಗೊಂಡಿದ್ದು. ಗಂಗಾವತಿಯಿಂದ ಸಿಂಧನೂರು, ಕೊಪ್ಪಳ, ಹೊಸಪೇಟೆ ಅಂತ ವಾರಕ್ಕೆ ನಾಲ್ಕು ದಿನ ಓಡಾಟ. ಮೊದಲ ವರ್ಷ ಶೋರೂಮ್‌ನವರು ಹೇಳಿದಷ್ಟು ಕೊಟ್ಟೆ, 40 ಸಾವಿರದ ಆಸುಪಾಸು. ಹೊಸ ಗಾಡಿಯ ಖುಷಿಯಲ್ಲಿ ಯಾರು ಚೌಕಾಸಿ ಮಾಡುತ್ತಾರೆ?

2024ರಲ್ಲಿ ಪರಿಚಯದ ಏಜೆಂಟ್ ಒಬ್ಬರಿಗೆ ಕೊಟ್ಟು ಸರಿಯಾಗಿ ಮೋಸ ಹೋದೆ. ಮೋಸ ಅನ್ನುವುದಕ್ಕಿಂತ ನನ್ನ ಸೋಮಾರಿತನವೇ ಜಾಸ್ತಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ಇನ್ಶೂರೆನ್ಸ್) ಮೊದಲೇ ಕಟ್ಟಿಸಿಕೊಂಡಿರುತ್ತಾರೆ ಅಲ್ವಾ, ರಿನ್ಯೂವಲ್‌ಗೆ 'ಓನ್ ಡ್ಯಾಮೇಜ್', ಅಂದರೆ ನಮ್ಮ ಗಾಡಿಗೆ ಆಗುವ ನಷ್ಟದ್ದು ಮಾತ್ರ ಸಾಕು. ಆತ ಥರ್ಡ್ ಪಾರ್ಟಿಯನ್ನೂ ಮತ್ತೆ ಸೇರಿಸಿದ್ದ. ಅದೂ 1,780ರ ಸ್ಲ್ಯಾಬ್‌ನಲ್ಲಿ! ಅದು 30 ಕಿಲೋವ್ಯಾಟ್ ಒಳಗಿನ ಗಾಡಿಗಳ ರೇಟು. ನನ್ನ ಮೋಟಾರು 55, ಅಂದರೆ 2,904ರ ಸ್ಲ್ಯಾಬು. ಪುಣ್ಯಾತ್ಮ ಬ್ಯಾಟರಿಯ 24 ಅನ್ನು ಮೋಟಾರಿನ ಪವರ್ ಅಂತ ಹೊಡೆದಿದ್ದ. ಬೇಡದ್ದಕ್ಕೆ ದುಡ್ಡು, ಅದರಲ್ಲೂ ತಪ್ಪು ಲೆಕ್ಕ. ಜಿಎಸ್‌ಟಿ ಸೇರಿ 2,100 ಹೋಯಿತು, ವಾಪಸ್ ಕೇಳಿ ಓಡಾಡಿ ಸಾಕಾಗಿ ಬಿಟ್ಟೆ. ನಿಮ್ಮ ಪಾಲಿಸಿಯಲ್ಲೂ ಆ ಒಂದು ಸಾಲು ನೋಡಿಕೊಳ್ಳಿ.

2025ರ ರಿನ್ಯೂವಲ್ ನೋಟಿಸು 27 ಸಾವಿರ ಅಂತ ಬಂತು. ಈ ಸಲ ಕೂತೆ. ಥರ್ಡ್ ಪಾರ್ಟಿ ಸರ್ಕಾರದ ರೇಟು, ಎಲ್ಲಿ ಹೋದರೂ ಅಷ್ಟೇ, ಅದನ್ನು ಪಕ್ಕಕ್ಕಿಟ್ಟೆ. ಏಳೋ ಎಂಟೋ ಕಡೆ ಕೊಟೇಶನ್ ತೆಗೆದೆ. ಮೊದಲ ಸುತ್ತು ಪೂರ್ತಿ ವೇಸ್ಟು. ಒಬ್ಬರದು ಬರೀ 13 ಸಾವಿರ ಅಂತ ಕುಣಿದೆ, ಆಮೇಲೆ ನೋಡಿದರೆ ಐಡಿವಿಯನ್ನೇ (ಗಾಡಿ ಪೂರ್ತಿ ಹೋದರೆ ಕೊಡುವ ಮೊತ್ತ) 6 ಲಕ್ಷದ ಹತ್ತಿರ ಇಳಿಸಿಟ್ಟಿದ್ದರು. ಎರಡನೇ ಸುತ್ತಿನಲ್ಲಿ ಎಲ್ಲರಿಗೂ ಐಡಿವಿ 7.8 ಲಕ್ಷ, ಆಡ್-ಆನ್ (ಹೆಚ್ಚಿಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಕವರ್) ಎಲ್ಲ ಕಡೆ ಅವೇ ನಾಲ್ಕು, ಎನ್‌ಸಿಬಿ (ಕ್ಲೇಮ್ ಹಾಕದ ವರ್ಷಗಳಿಗೆ ಸಿಗುವ ರಿಯಾಯಿತಿ) 25%. ಆಗಲೂ 17ರಿಂದ 26ರ ತನಕ ಅಂತರ!

ನಿಜವಾದ ಕೆಲಸ ಆಮೇಲೆ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ 50% ಡಿಪ್ರಿಸಿಯೇಶನ್, ಅಂದರೆ ಸವಕಳಿ ಅಂತ ಕ್ಲೇಮಿನಲ್ಲಿ ಕತ್ತರಿಸುತ್ತಾರೆ. ಪೆಟ್ರೋಲ್ ಗಾಡಿಯ ಬ್ಯಾಟರಿ ಎಷ್ಟು ದುಡ್ಡಿನದು, ಬಿಡಿ. ನಮ್ಮದರಲ್ಲಿ ಬ್ಯಾಟರಿಯೇ ಗಾಡಿ. ಹಾಗಾಗಿ ಆ ಕತ್ತರಿ ಹಾಕದ ಜೀರೋ ಡೆಪ್ ಆಡ್-ಆನ್ ಬೇಕೇ ಬೇಕು, ಅದರಲ್ಲಿ ಗಾಡಿ ಓಡಿಸುವ ದೊಡ್ಡ ಬ್ಯಾಟರಿಯೂ ಸೇರಿದೆಯಾ ಅಂತ ಪಾಲಿಸಿ ವರ್ಡಿಂಗ್‌ನಲ್ಲೇ ಓದಬೇಕು, ಫೋನಿನಲ್ಲಿ ಎಲ್ಲರೂ "ಹೂಂ ಸರ್" ಅನ್ನುತ್ತಾರೆ. ನೀರು ಹೊಕ್ಕರೆ ಏನು ಅನ್ನುವುದನ್ನೂ ಓದಿ, ಮಳೆಗಾಲದಲ್ಲಿ ನಮ್ಮ ಕಡೆ ರೈಲ್ವೆ ಅಂಡರ್‌ಪಾಸ್‌ಗಳ ಗತಿ ಗೊತ್ತಲ್ಲ. ಎರಡು ಕಂಪನಿಗಳನ್ನು ಇಲ್ಲೇ ಪಟ್ಟಿಯಿಂದ ಹೊಡೆದುಹಾಕಿದೆ.

ನಡುವೆ ಸುಮ್ನೆ ಒಂದು ಪರೀಕ್ಷೆ. ಇದೇ ಗಾಡಿಗೆ ನಮ್ಮ ಕೆಎ-37 ಬದಲು ಬೆಂಗಳೂರಿನ ಆರ್‌ಟಿಒ ಹಾಕಿ ನೋಡಿದೆ, ಐನೂರು ಆರುನೂರು ಏರಿತು. ಇನ್ಶೂರೆನ್ಸ್ ಲೆಕ್ಕದಲ್ಲಿ ಬೆಂಗಳೂರಿನಂಥ ದೊಡ್ಡ ನಗರ ಎ ಜೋನ್, ನಾವು ಬಿ. ಭಾವನ ನೆಕ್ಸಾನ್ ಇವಿ ಲೆಕ್ಕವನ್ನೂ ತೆಗೆದೆ. ಅದು 65 ಕಿಲೋವ್ಯಾಟ್ ದಾಟಿದ್ದಕ್ಕೆ ಥರ್ಡ್ ಪಾರ್ಟಿ 6,712, ಪೆಟ್ರೋಲ್ ನೆಕ್ಸಾನ್‌ಗೆ 3,416. ಇವಿಗೆ 15% ರಿಯಾಯಿತಿ ಅಂತಾರೆ, ಹೆಚ್ಚುಕಮ್ಮಿ ಡಬಲ್ ಕಟ್ಟೋ ಭಾವನ ಮುಖ ನೋಡಬೇಕಿತ್ತು.

ಕೊನೆಗೆ 17 ಸಾವಿರದ ಚಿಲ್ಲರೆಗೆ ಮುಗಿಸಿದೆ. ಯಾವ ಕಂಪನಿ, ಎಷ್ಟು ದಿನ ಮುಂಚೆ ಕೇಳಿದರೆ ಇಳಿಸುತ್ತಾರೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಆಗಸ್ಟ್‌ನಲ್ಲಿ ಇಲಿ ಎಸಿ ವೈರ್ ಕಡಿಯಿತು. ಸುತ್ತ ಭತ್ತದ ಗದ್ದೆ, ಇಲಿಗೇನು ಬರ? ಬಾನೆಟ್ ಎತ್ತಿದರೆ ವೈರಿನ ಸಿಪ್ಪೆ, ಹಿಕ್ಕೆ, ನಾಲ್ಕು ಭತ್ತದ ಕಾಳು. ಸದ್ಯ, ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗೆ ಬಾಯಿ ಹಾಕಿರಲಿಲ್ಲ. 4,200 ಬಿಲ್ಲು. ಕ್ಲೇಮ್ ಹಾಕಿದರೆ ಎನ್‌ಸಿಬಿ ಹೋಗಿ ಅದಕ್ಕಿಂತ ಜಾಸ್ತಿ ಲುಕ್ಸಾನು, ಕೈಯಿಂದಲೇ ಕೊಟ್ಟೆ.

ನವೆಂಬರ್ ಸುಗ್ಗಿಯಲ್ಲಿ ರೈಸ್ ಮಿಲ್ ಮುಂದೆ ಗಾಡಿ ನಿಲ್ಲಿಸಿದ್ದೆ. ಭತ್ತದ ಚೀಲ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ರಿವರ್ಸ್ ಬರುತ್ತಾ ಹಿಂದಿನ ಬಂಪರ್, ಲೈಟು, ಬಾಗಿಲು ಮೂರನ್ನೂ ಉಜ್ಜಿಕೊಂಡು ಹೋಯಿತು. ಬಿಲ್ 31 ಸಾವಿರ. ಫೈಲ್ ಚಾರ್ಜ್ ಅದೂ ಇದೂ ಸೇರಿ ನನ್ನ ಕೈಯಿಂದ 1,500ರೊಳಗೆ. ಜೀರೋ ಡೆಪ್ ಇಲ್ಲದಿದ್ದರೆ ಬಂಪರ್, ಲೈಟಿನ ಅರ್ಧ ದುಡ್ಡು ನನ್ನದೇ ಆಗುತ್ತಿತ್ತು.

ಎನ್‌ಸಿಬಿ ಈಗ ಸೊನ್ನೆ. ಈ ಜೂನ್‌ಗೆ ಮೂರು ವರ್ಷದ ಥರ್ಡ್ ಪಾರ್ಟಿಯೂ ಮುಗಿಯುತ್ತದೆ, ಲೆಕ್ಕ ಮತ್ತೆ ಮೊದಲಿಂದ. ಭಾವನದು ಮೇ ತಿಂಗಳಲ್ಲೇ ಇದೆ. ಮೊನ್ನೆ ವಾಟ್ಸಾಪ್‌ನಲ್ಲಿ ಆರ್‌ಸಿ ಫೋಟೋ ಕಳಿಸಿದ್ದಾರೆ, ಕೆಳಗೆ ಒಂದಕ್ಷರ ಬರೆದಿಲ್ಲ.