ಚಿಗರಿ ಬಸ್ಸು, ಎಂಟು ವಚನ, ಶುಕ್ರವಾರದ ಡಬ್ಬಿ

ನಸುಕಿನಲ್ಲೇ ಎದ್ದು ಪ್ರಾರ್ಥನೆ ಮಾಡಿ ಅಂತ ಸಭೆಯಲ್ಲಿ ಎಲ್ಲರೂ ಹೇಳುತ್ತಾರೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಕಡೆ ಹೋಗಿ ಪ್ರಾರ್ಥಿಸಿದ ಅಂತ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮಾರ್ಕನ 1ನೇ ಅಧ್ಯಾಯದಲ್ಲೂ ಇದೆ. ಆದರೆ ನಮ್ಮ ಮನೆಯಲ್ಲಿ ಅದು ರೊಟ್ಟಿ ಬಡಿಯುವ ಹೊತ್ತು. ನಳದ ನೀರು ಬಂದ ದಿನವಂತೂ ಕೇಳಲೇಬೇಡಿ. ಹಾಗಾಗಿ ನನ್ನ ಹೊತ್ತನ್ನು ಆಫೀಸಿಗೆ ಹೋಗುವ ಚಿಗರಿಯಲ್ಲಿ, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಬಸ್ಸಿನಲ್ಲಿ, ಮಾಡಿಕೊಂಡೆ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿ.ಮೀ. ಕೂರಲು ಸೀಟು ಸಿಕ್ಕರೆ ಸಾಕು.

ಓದಲು ಆರಿಸಿಕೊಂಡದ್ದು 119ನೇ ಕೀರ್ತನೆ. ಸತ್ಯವೇದದಲ್ಲೇ ಉದ್ದದ ಅಧ್ಯಾಯ, 176 ವಚನ. ಹೀಬ್ರೂ ಭಾಷೆಯ 22 ಅಕ್ಷರಗಳ ಪ್ರಕಾರ 22 ಭಾಗ, ಒಂದೊಂದರಲ್ಲಿ ಎಂಟು ವಚನ. ದಿನಕ್ಕೊಂದು ಭಾಗ ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಆಫೀಸಿನ ದಿನಗಳಿಗೆ ಸರಿಹೋಗುತ್ತದೆ. ಮೊದಲು ಎಂಟನ್ನೂ ಓದುತ್ತೇನೆ. ಆಮೇಲೆ ಪುಸ್ತಕ ಮುಚ್ಚಿ, ಹುಬ್ಬಳ್ಳಿಯ ಉಣಕಲ್ ಬರುವ ತನಕ ಒಂದೇ ವಚನವನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಓದುವುದಿಲ್ಲ, ಅದನ್ನು ತೆಗೆದರೆ ವಾಟ್ಸಾಪ್ ಬಿಡುವುದಿಲ್ಲ. ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಪಟ್ಟಿಗಳು ಒಳ್ಳೆಯವೇ, ಆದರೆ ಅವುಗಳಲ್ಲಿ ಓಟವೇ ಜಾಸ್ತಿ. ಕಷ್ಟ ಬಂದದ್ದು ನನಗೆ ಒಳ್ಳೆಯದೇ ಆಯಿತು ಎನ್ನುವ 71ನೇ ವಚನ ಬಂದ ದಿನ ನನ್ನ ಮನಸ್ಸು ಒಪ್ಪಲಿಲ್ಲ. ಒಪ್ಪಲಿಲ್ಲ ಅಂತಲೇ ದೇವರಿಗೆ ಹೇಳಿದೆ. ಅದೂ ಪ್ರಾರ್ಥನೆಯೇ ಅಲ್ವಾ?

ಉಪವಾಸದ್ದು ಬೇರೆ ಕಥೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ದಿನಗಳಲ್ಲಿ ಶುಕ್ರವಾರ ಮಧ್ಯಾಹ್ನದ ಊಟ ಬಿಡುತ್ತೇನೆ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೋ, ಜನರಿಗೆ ಕಾಣಿಸಬೇಡ ಅಂತ ಮತ್ತಾಯನ 6ನೇ ಅಧ್ಯಾಯದಲ್ಲಿದೆ. ನಮ್ಮ ಆಫೀಸಿನಲ್ಲಿ ಅದು ಸುಲಭ ಅಲ್ಲ. ಎಲ್ಲರೂ ಡಬ್ಬಿ ತೆರೆದು ಹಂಚಿಕೊಂಡು ಉಣ್ಣುವವರು. ಸೋಮವಾರ, ಏಕಾದಶಿ, ರೋಜಾ, ಎಲ್ಲ ಕಂಡವರು. ಡಬ್ಬಿ ಇಲ್ಲದೆ ಹೋದರೆ “ಇವತ್ತ ನಿಮ್ದೇನ್ರೀ ಉಪವಾಸ?” ಅಂತ ಕೇಳೇ ಕೇಳುತ್ತಾರೆ. ಅದಕ್ಕೇ ಶುಕ್ರವಾರವೂ ಡಬ್ಬಿ ಒಯ್ಯುತ್ತೇನೆ. ಊಟದ ಹೊತ್ತಿಗೆ ಹೊರಗೆ ಹೋಗಿ ಬರುತ್ತೇನೆ ಅಂತ ಎದ್ದು, ಗೇಟಿನ ವಾಚ್‌ಮನ್ ಅಜ್ಜನಿಗೆ ಕೊಡುತ್ತೇನೆ. ಹಸಿದವರಿಗೆ ಅನ್ನ ಹಂಚುವುದೇ ನನಗೆ ಬೇಕಾದ ಉಪವಾಸ ಅಂತ ಯೆಶಾಯನ 58ನೇ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ. ಅಜ್ಜ ಒಮ್ಮೆ ಮುಚ್ಚಳ ತೆರೆದು ನೋಡಿ, “ಪ್ರತಿ ಶುಕ್ರವಾರ ಬದನೀಕಾಯೇ ಏನ್ರೀ ಅಕ್ಕಾರ?” ಅಂದರು. ಮುಂದಿನ ವಾರ ಝುಣಕ ಮಾಡಿದೆ, ಶೇಂಗಾ ಚಟ್ನಿಯನ್ನೂ ಮರೆಯದೆ ಹಾಕಿದೆ. ನನ್ನ ಊಟಕ್ಕೆ ಇಷ್ಟು ಕಾಳಜಿ ಮಾಡುವವಳಲ್ಲ ನಾನು.

ಶುಗರ್ ಇದ್ದವರು, ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ನಮ್ಮ ಅತ್ತೆಗೆ ಶುಗರ್ ಇದೆ, ಅದಕ್ಕೆ ಅವರು ಊಟದ ಬದಲು ಧಾರಾವಾಹಿ ಬಿಟ್ಟರು. ಅವರದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಕಾಲದ ಮನೆತನ. ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಸಂಜೆ ಮನೆ ಪ್ರಾರ್ಥನೆ, ಗೀತೆ ಅವರಿಗೆ ಹೊಸದಲ್ಲ. ಧಾರಾವಾಹಿ ಬಿಡುವುದು ಮಾತ್ರ ಭಾರಿ ಕಷ್ಟವಾಯಿತು.

ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ಕಳೆದರೆ 40. ಈ ಲೆಕ್ಕ ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಮೊದಲ ಭಾನುವಾರ ಗುಡಿಯಿಂದ ಬಂದವರೇ ಚಪ್ಪಲಿ ಬಿಡುತ್ತಾ ಕೇಳಿದರು: “ಇವತ್ತ ಲೆಕ್ಕಕ್ಕಿಲ್ಲ ಹೌದಿಲ್ಲ? ಹಂಗಾರ ಆ ಮೊಬೈಲ್ ಕೊಡವಾ, ವಾರದ್ದೆಲ್ಲಾ ನೋಡಿ ಮುಗಸ್ತೀನಿ.”