ಮೇ ತಿಂಗಳ ಕೆರೆಯಂಗಳದಲ್ಲಿ ನಾಲ್ಕು ಮೊಟ್ಟೆ

ಬೇಲೂರಿನಿಂದ ಹಳೇಬೀಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರ ಕೆರೆ ಇದೆ. ಏರಿ ಮೇಲೆ ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ. ಆರು ವರ್ಷದಿಂದ ನಾನು ಹಕ್ಕಿ ನೋಡುವುದು ಹೆಚ್ಚಾಗಿ ಇಲ್ಲೇ. ಬಿಸಿಲೆ ಘಾಟಿಗೆ ಹೋಗಿಬರುವ ಗೆಳೆಯರು "ಬೇಸಿಗೇಲಿ ಆ ಕೆರೇಲಿ ಏನಿರುತ್ತೆ?" ಎಂದು ಕೇಳುತ್ತಾರೆ. ಅವರು ಹೇಳುವುದೂ ಸರಿಯೇ. ವಲಸೆ ಬಾತುಗಳು ಅಷ್ಟರಲ್ಲಿ ಉತ್ತರಕ್ಕೆ ಹೊರಟಿರುತ್ತವೆ, ನೀರೂ ಅರ್ಧಕ್ಕೆ ಇಳಿದಿರುತ್ತದೆ. ಆದರೆ ಭರಣಿ ಮಳೆಯಿಂದ ರೋಹಿಣಿ ಮಳೆವರೆಗೆ ಇಲ್ಲಿ ಉಳಿದಿರುವುದು ಈ ಊರಲ್ಲೇ ಸಂಸಾರ ಹೂಡುವ ಹಕ್ಕಿಗಳು. ನನಗೆ ಅವೇ ಜಾಸ್ತಿ ಇಷ್ಟ.

ಬೆಳಿಗ್ಗೆ 6ಕ್ಕೆಲ್ಲ ತೂಬಿನ ಕಲ್ಲಿನ ಹತ್ತಿರ ಕೂರುತ್ತೇನೆ. ಅಲ್ಲಿ ಸೂರ್ಯ ನನ್ನ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. 8×42 ಬೈನಾಕ್ಯುಲರ್, ಒಂದು ನೋಟ್‌ಬುಕ್, ಅಷ್ಟೇ. ಮೊದಲ ಹದಿನೈದು ನಿಮಿಷ ಸುಮ್ನೆ ಕೇಳುತ್ತೇನೆ. ಕೋಗಿಲೆ, ಮಡಿವಾಳ, ಆಲದ ಮರದಿಂದ ಕುಟ್ರುಹಕ್ಕಿ. ಜೊಂಡಿನೊಳಗೆ ನಾಮದಕೋಳಿ. 8 ಗಂಟೆ ದಾಟಿದರೆ ಬಿಸಿಲಿಗೆ ಎಲ್ಲ ಸುಮ್ಮನಾಗುತ್ತವೆ.

ಈ ದಿನಗಳಲ್ಲಿ ನಾನು ಕಾಯುವುದು ಕೆಂಪು ಟಿಟ್ಟಿಭಕ್ಕೆ. ನೀರು ಇಳಿದ ಕೆರೆಯಂಗಳದಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ ಅದು. ಗೂಡು ಅಂದರೆ ಅಂಗೈಯಷ್ಟು ಗುಳಿ, ಸುತ್ತ ಸಣ್ಣ ಕಲ್ಲು, ಒಂದಿಷ್ಟು ಕುರಿ ಹಿಕ್ಕೆ. ಮಣ್ಣಿನ ಬಣ್ಣದ ಮೊಟ್ಟೆ, ಮೇಲೆ ಕಪ್ಪು ಮಚ್ಚೆ. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿಟ್ಟಂತೆ.

ಮೂರು ವರ್ಷದ ಹಿಂದೆ ಇಂಥ ಗೂಡೊಂದನ್ನು ಕಂಡು ಫೋಟೋ ಆಸೆಗೆ ಹತ್ತಿರ ಹೋಗಿದ್ದೆ. ಹತ್ತು ನಿಮಿಷ ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಎರಡೂ ಹಕ್ಕಿ ತಲೆ ಮೇಲೆ ಸುತ್ತುತ್ತ ಕಿರುಚುತ್ತಿದ್ದವು. ಮಾರನೇ ದಿನ ಗುಳಿ ಖಾಲಿ. ನಾಯಿಯೋ ಮುಂಗುಸಿಯೋ ಗೊತ್ತಿಲ್ಲ. ಒದ್ದೆ ಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಮಾತ್ರ ಏರಿಯಿಂದ ಗೂಡಿನವರೆಗೆ ನೇರವಾಗಿ ಬಿದ್ದಿತ್ತು. ಅದನ್ನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಗೂಡಿನ ಹತ್ತಿರ ಹೋಗಿಲ್ಲ, ಗೂಡಿನ ಫೋಟೋ ತೆಗೆದಿಲ್ಲ.

ಈಗ ದೂರದಿಂದಲೇ ಗೂಡು ಪತ್ತೆ ಮಾಡುತ್ತೇನೆ. ಹಕ್ಕಿ ಕೂಗುತ್ತಾ ಹಾರಿದರೆ ನಾನು ಹಿಂದಕ್ಕೆ ಬಂದು ತೂಬಿನ ಮರೆಯಲ್ಲಿ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ಅದು ಇಳಿಯುತ್ತದೆ, ಆದರೆ ನೇರ ಗೂಡಿಗೆ ಹೋಗುವುದಿಲ್ಲ. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಏನೋ ಹೆಕ್ಕಿದ ಹಾಗೆ ಬಗ್ಗುತ್ತದೆ, ಮತ್ತೆ ಬೇರೆ ದಿಕ್ಕಿಗೆ ಓಡುತ್ತದೆ. ಕೊನೆಗೆ ಒಂದು ಕಡೆ ನಿಂತು, ಹೊಟ್ಟೆಯ ಗರಿ ಉಬ್ಬಿಸಿ, ಮೆಲ್ಲಗೆ ಕೂರುತ್ತದೆ. ಅಲ್ಲೇ ಮೊಟ್ಟೆ.

ಈ ವರ್ಷ ಏಪ್ರಿಲ್ 24ಕ್ಕೆ ಒಂದು ಜೋಡಿ ಹೀಗೆ ಸಿಕ್ಕಿತು. ಬಿಸಿಲು ಏರಿದ ದಿನ ಒಂದು ಹಕ್ಕಿ ನೀರಿಗಿಳಿದು ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆ ಮೇಲೆ ಕೂತಿದ್ದನ್ನು ನೋಡಿದೆ. ಮೊಟ್ಟೆ ತಂಪಾಗಿಡಲು ಟಿಟ್ಟಿಭ ಹೀಗೆ ಮಾಡುತ್ತದೆ ಎಂದು ಓದಿದ್ದೆ. ಕಣ್ಣಾರೆ ನೋಡಿದಾಗ ಮೈ ಜುಂ ಎಂದಿತು.

ಮೇ ಮೊದಲ ವಾರ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆಯುವ ಟ್ರಾಕ್ಟರ್‌ಗಳು ಕೆರೆಗೆ ಇಳಿದವು. ಹೊಲಕ್ಕೆ ಕೆರೆ ಗೋಡು ಬೇಕು, ಬೇಡ ಎನ್ನಲಾಗುವುದಿಲ್ಲ. ಡ್ರೈವರ್ ಹತ್ತಿರ ಹೋಗಿ, "ಅಣ್ಣ, ಆ ಜಾಲಿ ಗಿಡದ ಈಚೆ ಹಕ್ಕಿ ಮೊಟ್ಟೆ ಇಟ್ಟಿದೆ, ಅಷ್ಟು ಜಾಗ ಬಿಡ್ತೀರಾ?" ಎಂದೆ. ಅವರು ಬೈನಾಕ್ಯುಲರ್ ಇಸ್ಕೊಂಡು ನೋಡಿದರು. "ಅಯ್ಯೋ, ಇದು ರಾತ್ರಿಯೆಲ್ಲ ಕೂಗ್ತದಲ್ಲ, ಅದೇ ಅಲ್ವಾ?" ಎಂದರು. ಮಾರನೇ ದಿನದಿಂದ ಟ್ರಾಕ್ಟರ್ ದಾರಿ ಆ ಗಿಡ ಬಳಸಿ ಹೋಯಿತು.

ಕೃತ್ತಿಕೆ ಮಳೆಗೆ ನೀರು ಏರತೊಡಗಿದಾಗ ನನಗೆ ನಿದ್ದೆ ಬರಲಿಲ್ಲ. ಗೂಡಿಗೆ ಏಳೆಂಟು ಮಾರು ದೂರದಲ್ಲಿ ನೀರು ನಿಂತಿತು. ಮೇ 21ರ ಬೆಳಿಗ್ಗೆ ಗುಳಿಯ ಮೇಲೆ ಯಾರೂ ಇರಲಿಲ್ಲ. ಎದೆ ಧಸಕ್ ಎಂದಿತು. ಆಮೇಲೆ ನೀರಿನಂಚಿನಲ್ಲಿ ತಾಯಿ ಕಂಡಿತು, ಅದರ ಹಿಂದೆ ಮೂರು ಮರಿ, ಉದ್ದ ಕಾಲಿನ ಹತ್ತಿಯುಂಡೆಗಳು. ಮೇಲೆ ಗರುಡ ಹಾದುಹೋಯಿತು. ತಾಯಿ ಒಂದು ಸಲ ಕೂಗಿದ್ದೇ ತಡ, ಮೂರೂ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡವು. ಬೈನಾಕ್ಯುಲರ್‌ನಲ್ಲಿ ಎಷ್ಟು ಹುಡುಕಿದರೂ ಮಣ್ಣು, ಕಲ್ಲು, ಅಷ್ಟೇ ಕಂಡಿತು. ಗರುಡ ಏರಿಯಾಚೆ ಮರೆಯಾದ ಮೇಲೆ ಒಂದು ಕಲ್ಲು ಎದ್ದು ಓಡಿತು.